ಹಗೇವಿಗೆ ಇಳಿದ ಅನಸೂಯ

ನಮ್ಮ ಮನೆಯಲ್ಲಿ ನನ್ನ ಜೊತೆ ಚೌಕಾಬಾರ ಆಡುವುದು ಯಾರಿಗೂ ಇಷ್ಟವಿಲ್ಲ. ಎಲ್ಲರೂ ಕವಡೆಗಳನ್ನು ಅಂಗೈಯಲ್ಲಿ ಕುಲುಕಿ, ಸೀಮೆಸುಣ್ಣದಲ್ಲಿ ಬರೆದ ಮನೆಗಳ ಪಕ್ಕದಲ್ಲೇ ಮೆಲ್ಲಗೆ ಬಿಡುತ್ತಾರೆ. ನಾನು ಮಾತ್ರ ಕೈ ಮೇಲೆತ್ತಿ, ಬೆರಳೆಲ್ಲ ಬಿಡಿಸಿ ದೂರಕ್ಕೆ ಬೀಸುತ್ತೇನೆ. ಒಂದು ಕವಡೆ ಮಂಚದ ಕೆಳಗೆ ಹೋಗುತ್ತದೆ, ಇನ್ನೊಂದು ಬಾಗಿಲ ಸಂದಿಗೆ. ಹುಡುಕುವುದರಲ್ಲೇ ಆಟದ ಅರ್ಧ ಹೊತ್ತು ಕಳೆದುಹೋಗುತ್ತದೆ.

“ಮಾವಾರೇ, ಕವಡೆ ಬಿಡ್ತಿದೀರೋ, ಕಾಗೆ ಓಡಿಸ್ತಿದೀರೋ?” ಎಂದು ಸೊಸೆ ಮೊನ್ನೆ ಕೇಳಿದಳು.

“ಎಲ್ರಿಗೂ ಕಾಣ್ಲಿ ಅಂತ ಕಣಮ್ಮ.”

“ಅಯ್ಯ, ನಿಮ್ಮನ್ನ ಯಾರು ಅನುಮಾನ ಪಟ್ಟವ್ರೆ ಈಗ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನನ್ನು ಯಾರೂ ಅನುಮಾನಪಡುವುದಿಲ್ಲ, ಅದು ನಿಜ. ಆವತ್ತೂ ಯಾರೂ ಪಟ್ಟಿರಲಿಲ್ಲ. ಪಟ್ಟಿದ್ದರೆ ನಾನು ಇದನ್ನು ಬರೆಯಬೇಕಾಗಿ ಬರುತ್ತಿರಲಿಲ್ಲವೇನೋ.

ಕವಡೆ ನನಗೆ ನಮ್ಮ ಅವ್ವನಿಂದ ಬಂದದ್ದು. ಮಧ್ಯಾಹ್ನ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ಅವಳು ಪಡಸಾಲೆಯಲ್ಲಿ ಕೂತರೆ ಅಕ್ಕಪಕ್ಕದ ಹೆಂಗಸರು ಕರೆಯದೆಯೇ ಬರುತ್ತಿದ್ದರು. ಆಟದಲ್ಲಿ ಅವಳು ಬಹಳ ಕಟ್ಟುನಿಟ್ಟು. ಬಿಟ್ಟ ಕವಡೆ ತನ್ನ ಮಡಿಲ ಹತ್ತಿರ ಬಿದ್ದರೆ ತಾನೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. “ನನ್ನ ಸೆರಗಿನ ಮರೇಲಿ ಬಿದ್ದೈತೆ, ಇನ್ನೊಂದ್ಸಲ ಬಿಡ್ತೀನಿ” ಎನ್ನುತ್ತಿದ್ದಳು. ಬಿದ್ದದ್ದು ಚೌಕವಾಗಿದ್ದರೂ ಅಷ್ಟೆ. ನಾಲ್ಕು ಕವಡೆಯೂ ಬಾಯಿ ಮೇಲಾಗಿ ಬಿದ್ದರೆ ಅದನ್ನು ಚೌಕ ಎನ್ನುತ್ತೇವೆ. ಆಡುವವರು ಕಣ್ಣುಮುಚ್ಚಿ ಬೇಡಿಕೊಳ್ಳುವ ಗರ ಅದು. ಅಂಥದ್ದನ್ನೂ ಅವ್ವ ಬಿಟ್ಟುಕೊಡುತ್ತಿದ್ದಳು. ಅಂಥವಳ ಮಗ ನಾನು.

ಹಗೇವಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈಗಿನವರು ಅದನ್ನು ನೋಡಿರಲಿಕ್ಕಿಲ್ಲ. ನಮ್ಮ ಹಳ್ಳಿಯ ಮನೆಯ ಮುಂದೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿಯೊಂದಿತ್ತು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು, ಮೇಲೆ ಚಪ್ಪಡಿ ಕಲ್ಲು. ಜೋಳ ತೆಗೆಯುವ ದಿನ ಕಲ್ಲು ಸರಿಸಿ ಬಹಳ ಹೊತ್ತು ಕಾಯುತ್ತಿದ್ದರು. ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಒಳಗೆ ಕೆಟ್ಟ ಗಾಳಿ ತುಂಬಿದೆ, ಇಳಿದವನು ಹತ್ತುವುದಿಲ್ಲ. ನಾನು ಅಪ್ಪನ ಕಾಲಿನ ಪಕ್ಕದಿಂದ ಇಣುಕುತ್ತಿದ್ದೆ. “ದೂರ ಸರಿಯಲೇ” ಎಂದು ಅಪ್ಪ ಗದರುತ್ತಿದ್ದ. ಆ ಬಾಯಿಂದ ಏಳುತ್ತಿದ್ದ ಬಿಸಿಯಾದ ಮುಗ್ಗಲು ವಾಸನೆ ಈಗಲೂ ಒಮ್ಮೊಮ್ಮೆ ನಿದ್ದೆಯಲ್ಲಿ ಬರುತ್ತದೆ.

ದೊಡ್ಡವನಾದ ಮೇಲೆ ಚಳ್ಳಕೆರೆಯಲ್ಲಿ ಒಂದು ಎಸ್‌ಟಿಡಿ ಬೂತ್ ಇಟ್ಟೆ. ಓದಿದ್ದು ಎಸ್ಸೆಸ್ಸೆಲ್ಸಿ, ಅದಕ್ಕೆ ಅಷ್ಟು ಸಾಕಿತ್ತು. ಫೋನಿನ ಜೊತೆಗೆ ಜೆರಾಕ್ಸ್ ಬಂತು, ಎರಡು ಸಾವಿರದ ಇಸವಿ ದಾಟಿದ ಮೇಲೆ ಇಂಟರ್‌ನೆಟ್ಟೂ ಬಂತು. ಅಂಗಡಿಯ ಹಿಂದೆ ಎಣ್ಣೆ ಮಿಲ್ಲು. ಕಡಲೆಕಾಯಿ ಹಿಂಡಿಯ ವಾಸನೆ ನನ್ನ ಕಾಗದದ ರೀಮುಗಳಿಗೂ ಹತ್ತಿಕೊಂಡಿತ್ತು. ನನ್ನಲ್ಲಿ ಜೆರಾಕ್ಸ್ ಮಾಡಿಸಿದ ಅಂಕಪಟ್ಟಿಯನ್ನು ಚಿತ್ರದುರ್ಗದ ಗುಮಾಸ್ತರೊಬ್ಬರು ಮೂಸಿ ನೋಡಿ, “ಚಳ್ಳಕೆರೇದೇನಪ್ಪಾ?” ಎಂದು ಕೇಳಿದ್ದರಂತೆ.

ಆ ಅಂಗಡಿಗೆ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಪ್ರಕಾಶ್ ಬರುತ್ತಿದ್ದರು. ಮೈಸೂರು ಕಡೆಯ ಹುಡುಗ. ಒಂದು ದಿನ ಇಂಟರ್‌ನೆಟ್ಟಿನಿಂದ ಕಟ್ಟುಗಟ್ಟಲೆ ಹಾಳೆ ಪ್ರಿಂಟ್ ತೆಗೆದರು. ಜೋಡಿಸುವಾಗ ನೋಡಿದರೆ ತಲೆಬುರುಡೆ, ಮುರಿದ ಕೋಟೆ, ರೆಕ್ಕೆ ಹರಿದ ಪ್ರಾಣಿ.

“ಏನ್ ಸಾರ್ ಇದು, ಮಾಟ ಗೀಟನಾ?” ಎಂದೆ.

“ಆಟ ರುದ್ರಣ್ಣ. ಇದಕ್ಕೆ ಪಟ ಇಲ್ಲ, ಕಾಯಿ ಇಲ್ಲ. ಬರೀ ಮಾತಲ್ಲೇ ಆಡೋದು.”

ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಕಥೆಯೊಳಗಿನ ಒಬ್ಬೊಬ್ಬ ಮನುಷ್ಯರಾಗುತ್ತಾರೆ. “ಎದುರಿಗೆ ಬಾಗಿಲು, ಒಳಗೆ ಯಾರೋ ಅಳುತ್ತಿದ್ದಾರೆ, ಏನು ಮಾಡುತ್ತೀಯ?” ಎಂದು ಅವನು ಕೇಳಿದರೆ ಇವರು ಹೇಳಬೇಕು. ಮಾಡಲು ಹೊರಟದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಈ ಆಟದ ನಾಡು ಕತ್ತಲೆಯ ನಾಡು. ಅಲ್ಲಿ ಸೂರ್ಯ ಬಡವಾಗುತ್ತಿದ್ದಾನೆ, ಸತ್ತವರು ಮಲಗಿದಲ್ಲಿ ಮಲಗಿರುವುದಿಲ್ಲ. ಇದನ್ನು ಮೆಚ್ಚಿದವರು ಪ್ರಪಂಚದ ಎಲ್ಲ ಕಡೆಯೂ ಇದ್ದರು. ತಾವೇ ಕಟ್ಟಿದ ಸಾಹಸದ ಕಥೆ, ನಕ್ಷೆ, ಪಿಶಾಚಿಗಳ ವರ್ಣನೆ ಎಲ್ಲವನ್ನೂ ಒಂದು ವೆಬ್‌ಸೈಟಿನಲ್ಲಿ ಪುಕ್ಕಟೆ ಹಾಕುತ್ತಿದ್ದರು. ಯಾರು ಬೇಕಾದರೂ ತೆಗೆದುಕೊಂಡು ಆಡಬಹುದಿತ್ತು.

ಅವರ ದಾಳಗಳಿಗೆ ಎಂಟು, ಹನ್ನೆರಡು, ಇಪ್ಪತ್ತು ಹೀಗೆ ಏನೇನೋ ಮುಖಗಳು. ಚಳ್ಳಕೆರೆಯಲ್ಲಿ ಅವು ಸಿಗುವ ಮಾತೇ ಇಲ್ಲ. ನಾನು ಅವ್ವನ ಕವಡೆ ತಂದೆ. ಕಥೆಗಳೆಲ್ಲ ನಡೆಯುವುದು ನೆಲದ ಕೆಳಗೆ. ಆ ಜಾಗಕ್ಕೆ ಮೇಷ್ಟ್ರು ನಿಘಂಟು ನೋಡಿ ‘ನೆಲಮಾಳಿಗೆ’ ಎಂದರು.

“ನಮ್ಮೂರಾಗೆ ಮಾಳಿಗೆ ಇರೋದು ತಲೆ ಮೇಲೆ ಸಾರ್,” ಎಂದೆ. “ಕೆಳಗಿರೋದು ಹಗೇವು.”

ಆ ಮಾತು ನಿಂತಿತು. ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಮಿಲ್ಲಿನ ಸದ್ದು ಅಡಗಿ, ಅಂಗಡಿಯ ಕಂಪ್ಯೂಟರ್ ಕಣ್ಣುಮುಚ್ಚಿದ ಕೂಡಲೇ ನಾವು ಹಗೇವಿಗೆ ಇಳಿಯುತ್ತಿದ್ದೆವು. ಮೇಷ್ಟ್ರು ಹೇಳುವವರು. ನಾನು, ಕಡಲೆಕಾಯಿ ದಲ್ಲಾಳಿ ಅಬ್ಬಾಸ್ ಮತ್ತು ಮೊಳಕಾಲ್ಮೂರಿನ ನಾಗಭೂಷಣ ಆಡುವವರು.

ಅಬ್ಬಾಸ್ ಎಲ್ಲರಿಗಿಂತ ಮೊದಲು ಸಾಯುತ್ತಿದ್ದ. ಬಾಗಿಲು ಕಂಡರೆ ಒದೆಯುವುದೇ ಅವನಿಗೆ ಗೊತ್ತಿದ್ದ ಉಪಾಯ. “ಉಳ್ಳಾರ್ತಿ ಕಾವಲಾಗೆ ಒಬ್ನೇ ದನ ಕಾಯ್ದೋನು ನಾನು. ನಿಮ್ ಪಿಶಾಚಿಗೆ ಹೆದರ್ತೀನಾ?” ಎಂದು ನುಗ್ಗುತ್ತಿದ್ದ. ಮೇಷ್ಟ್ರು ಕವಡೆ ನೋಡಿ, “ತಲೆ ಹೋಯ್ತು ಅಬ್ಬಾಸ್” ಎನ್ನುತ್ತಿದ್ದರು. “ಖತಂ? ಸರಿ ಬಿಡಿ. ಅವ್ನ ತಮ್ಮ ಬಂದವ್ನೆ, ಊರಿಂದ, ಈಗ ತಾನೆ ಬಸ್ ಇಳ್ದ!” ಆ ಕತ್ತಲೆಯ ನಾಡಿಗೆ ಬಸ್ಸು ಬಿಟ್ಟವನು ಪ್ರಪಂಚದಲ್ಲಿ ಅವನೊಬ್ಬನೇ ಇರಬೇಕು.

ನಾಗಭೂಷಣ ಬೇರೆ ಥರದವನು. ರೇಷ್ಮೆ ಸೀರೆಗೆ ಡಿಸೈನ್ ಬರೆಯುವ ಕೆಲಸ ಅವನದು. ಸೀರೆಯ ಅಂಚು, ಸೆರಗು ಎಲ್ಲವನ್ನೂ ಮೊದಲು ಗ್ರಾಫ್ ಹಾಳೆಯಲ್ಲಿ ಚೌಕಚೌಕವಾಗಿ ತುಂಬಬೇಕು. ಆಮೇಲೆ ಅದನ್ನು ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಮಗ್ಗ ಆ ತೂತುಗಳ ಪ್ರಕಾರ ಹೂ ಎತ್ತುತ್ತದೆ. ದೊಡ್ಡ ಹಾಳೆಯ ಜೆರಾಕ್ಸಿಗೆ ನನ್ನಲ್ಲಿಗೆ ಬರುತ್ತಿದ್ದ. ಮನೆಮಾತು ತೆಲುಗು. ಮಾತು ಕಡಿಮೆ.

ಮೊದಲ ದಿನ ಮೇಷ್ಟ್ರು ಎಲ್ಲರನ್ನೂ, “ಕಥೆಯಲ್ಲಿ ನಿಮ್ಮ ಹೆಸರೇನು?” ಎಂದು ಕೇಳಿದರು. ಅಬ್ಬಾಸ್ “ಸುಲ್ತಾನ್” ಎಂದ. ನಾನು ಒಬ್ಬ ಪಾಳೇಗಾರನ ಹೆಸರು ಕಟ್ಟಿಕೊಂಡೆ. ನಾಗಭೂಷಣ ತನ್ನ ಹಾಳೆಗಳ ಸುರುಳಿಯನ್ನು ಪಕ್ಕಕ್ಕಿಟ್ಟು, “ಅನಸೂಯ” ಎಂದ.

ಅಬ್ಬಾಸ್ ನಗಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿದ. ಅನಸೂಯ ನಾಗಭೂಷಣನ ಹೆಂಡತಿ. ಹಿಂದಿನ ವರ್ಷ ತೀರಿಕೊಂಡಿದ್ದಳು. ಇವನು ಡಿಸೈನ್ ತೋರಿಸಲು ಬೆಂಗಳೂರಿಗೆ ಹೋಗಿದ್ದಾಗ ಜ್ವರ ಏರಿ ಒಂದೇ ದಿನದಲ್ಲಿ ಎಲ್ಲ ಮುಗಿಯಿತು. ಬಸ್ಸು ಇಳಿದು ಬಂದಾಗ ಮನೆಯ ಮುಂದೆ ಜನ ನಿಂತಿದ್ದರಂತೆ.

ಆಟದಲ್ಲಿ ಅನಸೂಯ ಲಾಟೀನು ಹಿಡಿದು ಎಲ್ಲರಿಗಿಂತ ಮುಂದೆ ನಡೆಯುವವಳು. ಹೊಡೆದಾಡುತ್ತಿರಲಿಲ್ಲ. ಪಿಶಾಚಿ ಎದುರಾದರೆ, “ಯಾರ ಮನೆಯೋನಪ್ಪ ನೀನು, ಉಂಡ್ಯಾ?” ಎಂದು ಕೇಳುತ್ತಿದ್ದಳು. ಪಿಶಾಚಿ ತಬ್ಬಿಬ್ಬಾಗುತ್ತಿತ್ತು, ಮೇಷ್ಟ್ರೂ ತಬ್ಬಿಬ್ಬಾಗುತ್ತಿದ್ದರು. ನಾಗಭೂಷಣ ಅವಳ ದನಿಯನ್ನು ಅಣಕಿಸುತ್ತಿರಲಿಲ್ಲ. “ಅನಸೂಯ ಏನಂತಾಳಂದ್ರೆ” ಎಂದು ಶುರುಮಾಡಿ ತನ್ನದೇ ದನಿಯಲ್ಲಿ ಹೇಳುತ್ತಿದ್ದ. ಆ ಹೊತ್ತು ಅವನ ಮುಖ ನೋಡಬೇಕಿತ್ತು. ಅಡುಗೆಮನೆಯಿಂದ ಹೆಂಡತಿ ಕೂಗಿ ಹೇಳಿದ್ದನ್ನು ಹೊರಗೆ ಕೂತವರಿಗೆ ದಾಟಿಸುವ ಗಂಡನ ಮುಖ ಅದು.

ಮೇಷ್ಟ್ರಿಗೆ ವರ್ಗವಾಯಿತು. ಹೋಗುವಾಗ, “ಇನ್ನು ಹೇಳೋರು ನೀವೇ ರುದ್ರಣ್ಣ” ಎಂದರು. ಹೇಳುವವನ ಕವಡೆ ಮಾತ್ರ ಮರೆಯಲ್ಲಿ ಬೀಳಬೇಕು, ಆಗಲೇ ಕೂತವರಿಗೆ ಭಯವಾಗುವುದು ಎಂದು ಒಂದು ಖಾಲಿ ರಟ್ಟಿನ ಡಬ್ಬವನ್ನು ನನ್ನ ಮುಂದೆ ಅಡ್ಡ ಇಟ್ಟರು. ಆ ಡಬ್ಬದ ಹಿಂದೆ ಕೂತ ಮೇಲೆ ನಾನು ಬದಲಾದೆ. ಫೋನ್ ಬಿಲ್ಲು ಹರಿದುಕೊಡುವವನಿಗೆ ಒಂದು ನಾಡೇ ಸಿಕ್ಕರೆ ಏನಾಗುತ್ತದೋ ಅದೇ ಆಯಿತು. ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರದ ಬಂಡೆಗುಡ್ಡಗಳ ಸಂದಿಯಲ್ಲಿ ಮಾತಲ್ಲೇ ಹಗೇವುಗಳನ್ನು ತೋಡಿದೆ. ಸ್ವಂತ ಸಾಹಸಗಳನ್ನು ಬರೆದು, ಹರಕು ಇಂಗ್ಲಿಷಿನಲ್ಲಿ ಟೈಪು ಮಾಡಿ ವೆಬ್‌ಸೈಟಿಗೆ ಹಾಕಿದೆ. ದಿನಾ ಬೆಳಿಗ್ಗೆ ಅಂಗಡಿ ತೆಗೆದು ಊದಿನಕಡ್ಡಿ ಹಚ್ಚುವ ಮೊದಲು ಯಾರಾದರೂ ಏನಾದರೂ ಬರೆದಿದ್ದಾರೋ ಎಂದು ನೋಡುತ್ತಿದ್ದೆ. ಯಾರೂ ಬರೆದಿರುತ್ತಿರಲಿಲ್ಲ.

ನಕ್ಷೆಗಳನ್ನು ನಾಗಭೂಷಣ ತನ್ನ ಗ್ರಾಫ್ ಹಾಳೆಯಲ್ಲೇ ಬರೆದುಕೊಡುತ್ತಿದ್ದ. ಒಂದು ದಿನ ನನ್ನ ಮೇಜಿನ ಮೇಲೆ ಎರಡು ಹಾಳೆ ಅದಲುಬದಲಾದವು. ಹಗೇವಿನ ನಕ್ಷೆ ಎಂದುಕೊಂಡು ನಾನು ಸ್ಕ್ಯಾನ್ ಮಾಡಿ ಹಾಕಿದ್ದು ಒಂದು ಸೀರೆಯ ಸೆರಗನ್ನು. ಅವನು ಮೊಳಕಾಲ್ಮೂರಿಗೆ ಒಯ್ದದ್ದು ಹಗೇವನ್ನು. ಕಾರ್ಡು ಹೊಡೆಯುವವರು ಕೊಟ್ಟದ್ದನ್ನು ಹೊಡೆದರು. ನಾವು ತಿಂಗಳುಗಟ್ಟಲೆ ಆಡಿದ ಹಗೇವು, ಅದರ ಓಣಿ, ಬಾವಿ, ಅಬ್ಬಾಸನ ಇಬ್ಬರು ತಮ್ಮಂದಿರು ಸತ್ತ ಮೂಲೆ ಸಮೇತ, ಗಿಳಿಹಸಿರು ರೇಷ್ಮೆಯ ಮೇಲೆ ಜರಿಯಲ್ಲಿ ಎದ್ದು ಬಂತು. ಯಾವುದೋ ಮದುವೆಗೆ ಮಾರಾಟವೂ ಆಯಿತು. “ಯಾ ಪುಣ್ಯಾತ್ಗಿತ್ತಿ ಉಟ್ಕಂಡವ್ಳೋ,” ಎಂದ ಅಬ್ಬಾಸ್. “ಬಾವಿ ಮೇಲೆ ಕೂತ್ಕಬ್ಯಾಡ ಅಂತ ಯಾರಾರ ಹೇಳ್ರಪ್ಪ.”

ಅಂದು ನಾವು ನಕ್ಕಷ್ಟು ಮತ್ತೆ ನಕ್ಕಿಲ್ಲ. ಆದರೆ ಅತ್ತ ವೆಬ್‌ಸೈಟಿಗೆ ನಾನು ತಪ್ಪಿ ಹಾಕಿದ್ದ ಸೆರಗನ್ನು ದೂರದೇಶದ ಜನ ಹಗೇವು ಎಂದೇ ಆಡಿದ್ದರು. ಮೆಚ್ಚುಗೆ ಬರತೊಡಗಿತು. ಇದರ ದಾರಿಗಳು ಹೊರಟಲ್ಲಿಗೇ ಮರಳಿ ಬರುತ್ತವೆ, ಇಂಥ ಭಯ ಎಲ್ಲೂ ಕಂಡಿರಲಿಲ್ಲ ಎಂದು ಒಬ್ಬ ಬರೆದ. ನಕ್ಷೆಯ ಜೊತೆ ನಾನು ಬರೆದು ಹಾಕಿದ್ದ ಲಾಟೀನಿನ ಹೆಂಗಸಿನ ಕಥೆ ಮುಂದೇನಾಯಿತು ಎಂದು ಇನ್ನೊಬ್ಬಳು ಕೇಳಿದಳು. ಮೆಚ್ಚುಗೆಯೆಲ್ಲ ನಾಗಭೂಷಣನಿಗೆ. ನಾನು ಅವನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಓದುತ್ತ ಒಂದೊಂದು ಸಾಲು ನುಂಗಿಕೊಳ್ಳುತ್ತಿದ್ದೆ.

ಆ ದಿನಗಳಲ್ಲೇ ನಾಗಭೂಷಣನ ಅಕ್ಕ ಒಮ್ಮೆ ಅಂಗಡಿಗೆ ಬಂದರು.

“ನೋಡಪ್ಪಾ ರುದ್ರಣ್ಣ, ಅನಸೂಯನ ತಂಗೀನೇ ಇವನಿಗೆ ತರಾಣ ಅಂತ ಮಾತಾಡಿದೀವಿ. ಹುಡ್ಗಿ ಕಡೇರೂ ಒಪ್ಪವ್ರೆ. ಇವ್ನು ಏನಂತಾನೆ ಗೊತ್ತಾ? ‘ಅನಸೂಯ ಇನ್ನೂ ಕೆಳಗವ್ಳೆ ಅಕ್ಕಾ’ ಅಂತಾನೆ. ಅದೇನು ಆಟನೋ ಏನೋ, ನಿಲ್ಸಪ್ಪ. ನಿಂಗೆ ಕೈ ಮುಗೀತೀನಿ.”

“ನೋಡ್ತೀನಿ ಬಿಡ್ರಕ್ಕ” ಎಂದು ಕಳಿಸಿದೆ.

ಅದಾದ ಮೇಲಿನ ಆಟ ನಾನೇ ಕಟ್ಟಿದ ಹಗೇವಿನಲ್ಲಿ. ಬಹಳ ಮುತುವರ್ಜಿಯಿಂದ ಕಟ್ಟಿದ್ದೆ, ಸಲೀಸಾಗಿ ಯಾರೂ ದಾಟಬಾರದು ಎಂದು. ಅನಸೂಯ ಎರಡು ಪಿಶಾಚಿಗಳಿಗೆ ಊಟ ವಿಚಾರಿಸಿ, ಒಂದರ ಕೈಯಲ್ಲೇ ದಾರಿ ತೋರಿಸಿಕೊಂಡು ಕಡೆಯ ಗುಂಡಿಯ ಬಾಯಿಗೆ ಬಂದುಬಿಟ್ಟಳು. ಅಬ್ಬಾಸ್ ತೊಡೆ ತಟ್ಟಿ ನಕ್ಕ. “ಏನ್ ರುದ್ರಣ್ಣ, ಹಗೇವು ಅಂತ ಹೇಳಿ ಛತ್ರ ಕಟ್ಟಿದೀಯಲ್ಲೋ!”

“ಇಳೀತೀಯಾ?” ಎಂದು ನಾಗಭೂಷಣನನ್ನು ಕೇಳಿದೆ.

“ಇಳೀತಾಳೆ ಅಣ್ಣಾ. ಲಾಟೀನು ಮುಂದೆ ಹಿಡ್ದು.”

ಎರಡೋ ಹೆಚ್ಚೋ ಕವಡೆ ಬಾಯಿ ಮೇಲಾಗಿ ಬಿದ್ದರೆ ದೀಪ ಉರಿಯುತ್ತದೆ, ಒಂದೇ ಆದರೆ ಆರುತ್ತದೆ ಎಂದು ಮೊದಲೇ ಹೇಳಿದ್ದೆ. ಡಬ್ಬದ ಹಿಂದೆ ಕವಡೆ ಬಿಟ್ಟೆ. ಚೌಕ ಬಿತ್ತು. ನಾಲ್ಕೂ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದವು. ಅವುಗಳ ಮೇಲೆ ಅಂಗೈ ಇಟ್ಟೆ.

“ಒಂದೇ,” ಎಂದೆ. “ದೀಪ ಆರಿತು.”

ಅವನ ಒಳ್ಳೆಯದಕ್ಕೇ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅವನ ಅಕ್ಕ ಕೈ ಮುಗಿದದ್ದನ್ನು ನೆನೆಸಿಕೊಳ್ಳುತ್ತಿದ್ದೆ. ಆದರೆ ಕವಡೆಯ ಮೇಲೆ ಕೈಯಿಟ್ಟ ಗಳಿಗೆಯಲ್ಲಿ ಆ ಅಕ್ಕ ನನ್ನ ನೆನಪಿನಲ್ಲಿರಲಿಲ್ಲ. ಇದ್ದದ್ದು ದೂರದೇಶದವರು ಬರೆದ ಆ ಸಾಲುಗಳು, ಅಬ್ಬಾಸನ ನಗು. ಇಷ್ಟನ್ನು ಸರಿಯಾಗಿ ಒಪ್ಪಿಕೊಳ್ಳಲು ನನಗೆ ಮುಪ್ಪು ಬರಬೇಕಾಯಿತು.

ಆವತ್ತು ನಾನು ಕವಡೆಗಳನ್ನು ಬಾಚಿ ಮುಷ್ಟಿಯಲ್ಲಿ ಹಿಡಿದೆ. ಅಬ್ಬಾಸನಿಗೆ ಮೌನ ಸಹಿಸಿ ಗೊತ್ತಿಲ್ಲ. ತಂಗಿಯ ಸಂಬಂಧದ ಮಾತೂ ಅವನಿಗೆ ಗೊತ್ತಿರಲಿಲ್ಲ. ತಾನು ಯಾವಾಗಲೂ ಆಡುವ ಮಾತನ್ನೇ ಆಡಿದ. “ಹೋಗ್ಲಿ ಬಿಡೋ ನಾಗಭೂಷಣ, ಅವ್ಳ ತಂಗಿ ಬರ್ತಾಳೆ.”

ನಾಗಭೂಷಣ ಪೆನ್ಸಿಲು ಜೇಬಿಗಿಟ್ಟ. ತನ್ನ ಹಾಳೆಗಳನ್ನು ಅಂಚು ಕೂಡಿಸಿ, ಸುರುಳಿ ಸುತ್ತಿ, ದಾರ ಕಟ್ಟಿದ. “ಸರೇ ಅಣ್ಣಾ” ಎಂದು ನನಗೆ ಹೇಳಿ ಎದ್ದು ಹೋದ. ಮತ್ತೆ ಬರಲಿಲ್ಲ. ಜೆರಾಕ್ಸಿಗೆ ಚಳ್ಳಕೆರೆ ದಾಟಿ ಹಿರಿಯೂರಿಗೆ ಹೋಗುತ್ತಾನೆ ಎಂದು ತಿಳಿಯಿತು. ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ಲಾಟೀನಿನ ಹೆಂಗಸಿನ ಬಗ್ಗೆ ಕೇಳಿದವಳು ಮತ್ತೊಮ್ಮೆ ಕೇಳಿದ್ದಳು. ನಾನು ಉತ್ತರ ಬರೆಯಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಎಲ್ಲರ ಜೇಬಿಗೂ ಫೋನು ಬಂದು, ನಾನು ಅಂಗಡಿ ಮುಚ್ಚಿದೆ. ಮಾಡಲು ಕೆಲಸವಿಲ್ಲದವನಿಗೆ ಮನಸ್ಸಿನ ಮಾತು ಜೋರಾಗಿ ಕೇಳುತ್ತದೆ. ಒಂದು ಬೆಳಿಗ್ಗೆ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಾಗ ಇಳಿದು ವಾಪಸ್ಸು ಹೋಗೋಣ ಎಂದು ಎದ್ದೆ. ಪಕ್ಕದ ಅಜ್ಜಿ ನನ್ನ ಜಾಗಕ್ಕೆ ತನ್ನ ಗಂಟು ಸರಿಸತೊಡಗಿದ್ದನ್ನು ನೋಡಿ, ಅದೇಕೋ ಹಟ ಬಂದು ಮತ್ತೆ ಕೂತೆ. ನನ್ನ ಧೈರ್ಯ ಅಷ್ಟರಮಟ್ಟಿನದು.

ನಾಗಭೂಷಣ ಜಗುಲಿಯಲ್ಲಿ ಕೂತು ಮಗ್ಗದ ಕಾರ್ಡುಗಳನ್ನು ಒಂದಕ್ಕೊಂದು ದಾರದಿಂದ ಹೊಲಿಯುತ್ತಿದ್ದ. ಡಿಸೈನುಗಳನ್ನು ಈಗ ಕಂಪ್ಯೂಟರಿನಲ್ಲಿ ಬೇರೆಯವರು ಬರೆಯುತ್ತಿದ್ದರು. ಕಣ್ಣಿಗೆ ದಪ್ಪ ಕನ್ನಡಕ.

“ರಾ ಅನ್ನಾ, ರಾ. ದಾರಿ ತಪ್ಪಿ ಬಂದ್ಯಾ?” ಎಂದ. ಟೀ ತರಿಸಿದ. ಊರಿನ ಮಾತಾಯಿತು, ಅಬ್ಬಾಸನ ಮಾತಾಯಿತು. ಮಾತು ಮುಗಿದು ಟೀ ಉಳಿಯಿತು.

“ನಾಗಭೂಷಣ, ಆವತ್ತು ಬಿದ್ದಿದ್ದು ಒಂದಲ್ಲ,” ಎಂದೆ.

“ಯಾವತ್ತು?”

“ಕಡೇ ಆಟ. ಚೌಕ ಬಿದ್ದಿತ್ತು. ನಾನು ಕೈ ಮುಚ್ಚಿ ಸುಳ್ಳು ಹೇಳ್ದೆ. ದೀಪ ಆರಿರ್ಲಿಲ್ಲ.”

ಅವನು ಹೊಲಿಯುತ್ತಿದ್ದ ಕಾರ್ಡನ್ನು ಮುಗಿಸಿ ಸೂಜಿ ಪಕ್ಕಕ್ಕಿಟ್ಟ. ಬಸ್ಸಿನಲ್ಲಿ ನಾನು ಅವನ ಉತ್ತರಗಳನ್ನೆಲ್ಲ ಊಹಿಸಿಕೊಂಡಿದ್ದೆ. ಬೈಯಬಹುದು, ಆಟ ತಾನೆ ಎಂದು ನಗಬಹುದು, ಎದ್ದು ಒಳಗೆ ಹೋಗಬಹುದು.

“ಹಂಗಾರೆ ಅವ್ಳು ಸತ್ತಿಲ್ಲ,” ಎಂದ.

“ಇಲ್ಲ.”

“ಇಷ್ಟು ವರ್ಷ ಅಲ್ಲೇ ಅ‍ವ್ಳಾ? ಆ ಗುಂಡಿಯಾಗೆ? ಒಬ್ಳೇ?”

ಅವನಿಂದ ಕಸಿದದ್ದನ್ನು ಮರಳಿ ಕೊಡಲು ಹೋಗಿದ್ದೇನೆ ಎಂದು ನಾನು ತಿಳಿದಿದ್ದೆ. ಅವಳನ್ನು ಅಲ್ಲಿ ಕತ್ತಲಲ್ಲಿ ಬಿಟ್ಟು ಇಷ್ಟು ಕಾಲ ಅಂಗಡಿ ನಡೆಸಿದೆ ಎಂಬುದು ಆ ಕ್ಷಣದವರೆಗೆ ನನಗೆ ಹೊಳೆದಿರಲಿಲ್ಲ. ಕ್ಷಮಿಸು ಎನ್ನಲು ಹೋದೆ. ಅವನು ಕೈ ಎತ್ತಿ ತಡೆದ.

“ಅದೆಲ್ಲ ಆಮೇಲೆ. ಅವ್ಳು ಹೆಂಗವ್ಳೆ, ಹೇಳು.”

“ಗೋಡೆಗೆ ಒರಗಿ ಕೂತವ್ಳೆ.”

“ದೀಪ?”

“ಉರೀತೈತೆ. ಸಣ್ಣಗೆ.”

“ನಾನು ಇಳೀತೀನಿ.”

“ಯಾರಾಗಿ?”

“ನಾನಾಗೇ. ನಾಗಭೂಷಣ.” ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ. “ಸಲೀಸು ಮಾಡ್ಬ್ಯಾಡ ಅಣ್ಣಾ. ಇದ್ದಿದ್ದು ಇದ್ದಂಗೆ ಹೇಳು.”

ಹೇಳಿದೆ. ಕವಡೆಯಿಲ್ಲ, ಡಬ್ಬವಿಲ್ಲ. ಕುಸಿದ ಮೆಟ್ಟಿಲು ಹೇಳಿದೆ, ನೀರು ನಿಂತ ಓಣಿ ಹೇಳಿದೆ, ಹಾದಿಗೆ ಅಡ್ಡ ಮಲಗಿದ ಪಿಶಾಚಿಯನ್ನೂ ಬಿಡದೆ ಹೇಳಿದೆ. ಅವನು ಒಂದೊಂದಕ್ಕೂ ಯೋಚಿಸಿ, ಕೈ ಎಲ್ಲಿ ಊರುತ್ತೇನೆ, ಕಾಲು ಎಲ್ಲಿಡುತ್ತೇನೆ ಎಂದು ಹೇಳುತ್ತ ಇಳಿದ. ಅವಳ ಕೈ ಹಿಡಿದು ಎಬ್ಬಿಸಿದ. ಲಾಟೀನು ತಾನು ಹಿಡಿದುಕೊಂಡು ಅವಳನ್ನು ಮುಂದೆ ಬಿಟ್ಟು ಹತ್ತಿಸಿದ. ಕಡೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ನಮ್ಮಿಬ್ಬರಿಗೂ ಬೆವರು ಇಳಿಯುತ್ತಿತ್ತು.

“ಮೇಲೆ ಬಿಸಿಲೈತೆ,” ಎಂದೆ. “ಅನಸೂಯ ಏನಂತಾಳೆ?”

ಅವಳ ಮಾತು ನನ್ನದಲ್ಲ, ಯಾವಾಗಲೂ ಅವನದೇ. ಅವನು ಬೀದಿಯ ಕಡೆ ತಿರುಗಿದ. ಎದುರು ಮನೆಯಲ್ಲಿ ಮಗ್ಗ ನೇಯುವ ಸದ್ದು ಕೇಳುತ್ತಿತ್ತು.

“‘ಹೋಗ್ತೀನಿ’ ಅಂತಾಳೆ.”

ನಮ್ಮ ಕಡೆ ಹೊಸ್ತಿಲು ದಾಟುವವರು ಯಾರೂ ಹಾಗೆ ಹೇಳುವುದಿಲ್ಲ. ಪಕ್ಕದ ಮನೆಗೆ ಮಜ್ಜಿಗೆಗೆ ಹೋಗುವವರೂ ‘ಬರ್ತೀನಿ’ ಎಂದೇ ಹೇಳಿ ಹೋಗಬೇಕು. ಆ ಮಾತು ತಪ್ಪಿದ್ದಕ್ಕೆ ಚಿಕ್ಕಂದಿನಲ್ಲಿ ಏಟು ತಿಂದವನು ನಾನು. ಅಭ್ಯಾಸಬಲದಿಂದ ತಿದ್ದಿದೆ.

“‘ಬರ್ತೀನಿ’ ಅನ್ಬೇಕಲ್ಲೋ.”

“ಇಲ್ಲಣ್ಣ,” ಎಂದ ನಾಗಭೂಷಣ. “ಹೋಗ್ತೀನಿ ಅಂತಾಳೆ. ನಾನು ಹ್ಞೂಂ ಅಂತೀನಿ.”